ರಾಜನ ಊರು, ಮಸೀದಿಗಳ ಊರು

ಸ್ಪೇನಿನ ಕಾರ್ಡೋಬಾದಲ್ಲಿ ಕೂತು ಅರಬ್ ವಿದ್ವಾಂಸ ಅಲ್-ಬಕ್ರಿ 1068ರಲ್ಲಿ ಬರೆದ ಭೂಗೋಳದ ಗ್ರಂಥದಲ್ಲಿ ಘಾನಾ ರಾಜ್ಯದ ರಾಜಧಾನಿಯ ವರ್ಣನೆಯಿದೆ. ಈ ಘಾನಾ ಇವತ್ತಿನ ಘಾನಾ ದೇಶವಲ್ಲ. ಸೋನಿಂಕೆ ಜನ ವಾಗಾದು ಎಂದು ಕರೆಯುವ ಈ ರಾಜ್ಯ ಈಗಿನ ಮಾರಿಟೇನಿಯಾದ ದಕ್ಷಿಣಕ್ಕೂ ಮಾಲಿಯ ಪಶ್ಚಿಮಕ್ಕೂ ಹರಡಿತ್ತು. ಬಯಲಲ್ಲಿ ಎರಡು ಊರು. ಒಂದರಲ್ಲಿ ಮುಸ್ಲಿಂ ವ್ಯಾಪಾರಿಗಳು, ಹನ್ನೆರಡು ಮಸೀದಿ, ಇಮಾಮರು, ವಿದ್ವಾಂಸರು. ಅಲ್ಲಿಂದ ಆರು ಮೈಲಿಗೆ ರಾಜನ ಊರು. ಅದರ ಹೆಸರು ಅಲ್-ಘಾಬಾ, ಅಂದರೆ ಕಾಡು. ಎರಡರ ನಡುವೆ ಮನೆಗಳ ಸಾಲು ಕಡಿಯುವುದೇ ಇಲ್ಲ. ರಾಜನ ಊರಿನ ಸುತ್ತ ತೋಪುಗಳಿವೆ. ಪೂಜಾರಿಗಳು, ಮೂರ್ತಿಗಳು, ಸತ್ತ ಅರಸರ ಸಮಾಧಿಗಳು ಎಲ್ಲ ಅಲ್ಲೇ. ಕಾವಲಿನವರನ್ನು ದಾಟಿ ಯಾರೂ ಒಳಗೆ ಕಾಲಿಡುವಂತಿಲ್ಲ. ಆದರೂ ಅರಸನ ನ್ಯಾಯಸಭೆಯ ಹತ್ತಿರವೇ ಬಂದುಹೋಗುವ ಮುಸ್ಲಿಮರ ನಮಾಜಿಗೆಂದು ಒಂದು ಮಸೀದಿ. ದುಭಾಷಿಗಳು, ಖಜಾಂಚಿ, ಮಂತ್ರಿಗಳಲ್ಲಿ ಬಹುಪಾಲು, ಎಲ್ಲರೂ ಮುಸ್ಲಿಮರು. ಅರಸನ ಮತದವರು ಅವನೆದುರು ಮಂಡಿಯೂರಿ ತಲೆಗೆ ಮಣ್ಣು ಸುರಿದುಕೊಳ್ಳುತ್ತಾರೆ. ಮುಸ್ಲಿಮರು ಚಪ್ಪಾಳೆ ತಟ್ಟಿ ವಂದಿಸುತ್ತಾರೆ.

ಮಧ್ಯಯುಗದ ಅರಸುಮನೆತನಗಳನ್ನು ನಡೆಸುವ ಕಂಪ್ಯೂಟರ್ ಆಟ 'ಕ್ರುಸೇಡರ್ ಕಿಂಗ್ಸ್ 3'ರ ಫೈಲುಗಳನ್ನು ತಿದ್ದಿ ಈ ಊರನ್ನು ಅದರ ನಕಾಶೆಗೆ ತರಬೇಕು ಅಂದುಕೊಳ್ಳಿ. ಆಟದ 1066ರ ಆರಂಭ ಅಲ್-ಬಕ್ರಿಯ ಬರಹಕ್ಕಿಂತ ಎರಡೇ ವರ್ಷ ಹಿಂದಿನದು, ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ. ಆದರೆ ಹಿಸ್ಟರಿ ಫೋಲ್ಡರಿನ ಪ್ರಾವಿನ್ಸ್ ಫೈಲಿನಲ್ಲಿ ಒಂದು ಕೌಂಟಿಗೆ, ಅಂದರೆ ನಕಾಶೆಯ ಒಂದು ಸೀಮೆಗೆ, ಬರೆಯಲು ಸಿಗುವುದು ಎರಡು ಸಾಲು: ಕಲ್ಚರ್ ಯಾವುದು, ರಿಲಿಜನ್ ಯಾವುದು. ಎರಡಕ್ಕೂ ಒಂದೊಂದೇ ಉತ್ತರ. ಇಸ್ಲಾಂ ಎಂದು ಬರೆದರೆ ತೋಪು ಅಳಿಸಿಹೋಗುತ್ತದೆ, ಸ್ಥಳೀಯ ಮತ ಎಂದು ಬರೆದರೆ ಹನ್ನೆರಡು ಮಸೀದಿ ಅಳಿಸಿಹೋಗುತ್ತವೆ. ಪಶ್ಚಿಮ ಆಫ್ರಿಕಾವನ್ನು ಆಟಕ್ಕೆ ತರುವವರ ಕಷ್ಟವೆಲ್ಲ ಈ ಎರಡು ಸಾಲಿನಲ್ಲೇ ಇದೆ. ಹೆಸರು, ಬಣ್ಣ, ಲಾಂಛನ ಇವನ್ನೆಲ್ಲ ಒಂದು ವಾರದಲ್ಲಿ ಸರಿಮಾಡಬಹುದು. ಒಬ್ಬ ಮನುಷ್ಯ ಒಂದೇ ಮತಕ್ಕೆ ಸೇರಿದವನು, ಒಂದು ನೆಲ ಒಂದೇ ಜನಕ್ಕೆ ಸೇರಿದ್ದು ಎಂಬ ಲೆಕ್ಕಾಚಾರ ಮಾತ್ರ ಆಟದ ತಳಪಾಯದಲ್ಲೇ ಇದೆ. ಅದು ಯೂರೋಪಿನ ಕ್ರೈಸ್ತ ರಾಜ್ಯಗಳನ್ನು ಮುಂದಿಟ್ಟುಕೊಂಡು ಹಾಕಿದ ತಳಪಾಯ.

ಹಾಗೆಂದು ಕೈಚೆಲ್ಲಬೇಕಿಲ್ಲ. ಘಾನಾಕ್ಕೆ ಕೆಲಸ ಮಾಡುವ ದಾರಿ ಹೀಗಿದೆ. ಕೌಂಟಿಯ ಮತ ಸ್ಥಳೀಯವಾಗಿಯೇ ಇರಲಿ. ಅದಕ್ಕೊಂದು ಶಾಶ್ವತ ಮಾಡಿಫೈಯರ್, ಅಂದರೆ ಅಂಕಗಳನ್ನು ಏರಿಳಿಸುವ ಗುರುತು ಕೊಟ್ಟು, ತೆರಿಗೆ ಮತ್ತು ಅಭಿವೃದ್ಧಿಯ ಹೆಚ್ಚಳವನ್ನು 'ವ್ಯಾಪಾರಿಗಳ ಊರು' ಎಂಬ ಹೆಸರಿನಲ್ಲಿ ಕಟ್ಟಿಡಿ. ಕ್ಯಾರೆಕ್ಟರ್ ಫೈಲಿನಲ್ಲಿ ಅರಸನ ಆಸ್ಥಾನಕ್ಕೆ ನಾಲ್ಕೈದು ಮುಸ್ಲಿಂ ಆಸ್ಥಾನಿಕರನ್ನು ಸೇರಿಸಿ, ಅವರಿಗೆ ಖಜಾನೆ ನೋಡಿಕೊಳ್ಳುವ ಗುಣಾಂಕ ಜಾಸ್ತಿ ಕೊಡಿ. ಆಟ ತಾನಾಗಿಯೇ ಅವರನ್ನು ಮಂತ್ರಿ ಮಾಡಿಕೊಳ್ಳುತ್ತದೆ. ಅನ್ಯಮತಗಳನ್ನು ಹೇಗೆ ನೋಡಬೇಕು ಎಂಬ ಡಾಕ್ಟ್ರಿನನ್ನು, ಅಂದರೆ ಮತದ ನಿಯಮವನ್ನು, ಬಹುತ್ವದ ಕಡೆಗೆ ಇಡಿ. ಇಲ್ಲದಿದ್ದರೆ ಮತಭೇದದ ಅಸಮಾಧಾನದಿಂದ ಅದೇ ಮಂತ್ರಿಗಳು ಕೆಲವೇ ವರ್ಷಗಳಲ್ಲಿ ಅರಸನ ವಿರುದ್ಧ ಪಿತೂರಿಗೆ ಇಳಿಯುತ್ತಾರೆ. ಇಲ್ಲೊಂದು ಸಣ್ಣ ಎಡವಟ್ಟು ಬಹಳ ಜನರನ್ನು ಕಾಡುತ್ತದೆ: ಮತ, ಸಂಸ್ಕೃತಿಯ ಸಾಲುಗಳನ್ನು ಕೌಂಟಿಯ ಒಳತುಂಡುಗಳಾದ ಬ್ಯಾರನಿಗಳಲ್ಲಿ ರಾಜಧಾನಿಯಾದದ್ದರ ಹೆಸರಿನಲ್ಲೇ ಬರೆಯಬೇಕು. ಪಕ್ಕದ ಬ್ಯಾರನಿಯ ಕೆಳಗೆ ಬರೆದರೆ ನಕಾಶೆ ಬದಲಾಗುವುದಿಲ್ಲ.

1076ರಲ್ಲಿ ಸಹಾರಾದ ಬರ್ಬರ್ ಮುಸ್ಲಿಂ ರಾಜವಂಶವಾದ ಮುರಾಬಿತರು (ಅಲ್ಮೊರಾವಿಡ್) ದಂಡೆತ್ತಿ ಬಂದು ಘಾನಾವನ್ನು ಗೆದ್ದು ಮತಾಂತರಿಸಿದರು ಎಂಬ ಕಥೆ ಹಳೆಯ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. 1980ರ ದಶಕದಿಂದ ಇತಿಹಾಸಕಾರರು ಇದನ್ನು ಗಟ್ಟಿಯಾಗಿ ಪ್ರಶ್ನಿಸಿದ್ದಾರೆ, ಸಮಕಾಲೀನ ಬರಹಗಳಲ್ಲಿ ಅಂಥ ವಿಜಯದ ಸ್ಪಷ್ಟ ವರದಿಯಿಲ್ಲ. ಆದ್ದರಿಂದ ಆಟದಲ್ಲಿ ಅದನ್ನು ತಪ್ಪದೆ ನಡೆಯುವ ಘಟನೆಯಾಗಿ ಬರೆಯಬಾರದು. ನಡೆಯಬಹುದಾದ ಒಂದು ದಾರಿಯಾಗಿ ತೆರೆದಿಟ್ಟರೆ ಸಾಕು.

ಇನ್ನು ಹೆಸರಿನ ವಿಚಾರ. ಇದೇ ಬಗೆಯ ಇನ್ನೊಂದು ಆಟ 'ಯುರೋಪಾ ಯೂನಿವರ್ಸಾಲಿಸ್ 4'ರಲ್ಲಿ ಸಹಾರಾದ ಕೆಳಗಿನ ಸ್ಥಳೀಯ ಮತಗಳೆಲ್ಲಕ್ಕೂ ಫೆಟಿಷಿಸ್ಟ್ ಎಂಬ ಒಂದೇ ಹಣೆಪಟ್ಟಿ. ಆ ಪದ ಗಿನಿ ಕರಾವಳಿಗೆ ಬಂದ ಪೋರ್ಚುಗೀಸರ 'ಫೆಯ್ತಿಸೊ'ದಿಂದ ಹುಟ್ಟಿದ್ದು. ಮಾಟದ ವಸ್ತು ಎಂಬ ಅರ್ಥದ ಬೈಗುಳ ಅದು, ಯಾರೂ ತಮ್ಮ ಮತವನ್ನು ಹಾಗೆ ಕರೆದುಕೊಂಡಿದ್ದಿಲ್ಲ. 'ಕ್ರುಸೇಡರ್ ಕಿಂಗ್ಸ್ 3' ಈ ವಿಷಯದಲ್ಲಿ ಎಷ್ಟೋ ಮುಂದಿದೆ. ಯೊರುಬಾ ಸೀಮೆಗೆ ಒರಿಷಾ, ಅಕಾನರಿಗೆ ಅಕೋಮ್, ಹೌಸಾದವರಿಗೆ ಬೋರಿ, ಸೆರೇರ್ ಜನಕ್ಕೆ ರೋಗ್ ಎಂದು ಬೇರೆ ಬೇರೆಯಾಗಿ ಕೊಟ್ಟಿದ್ದಾರೆ. ಆದರೆ ಇವು ಒಂದೇ ಜಾತಿಯ ಹೆಸರುಗಳಲ್ಲ. ರೋಗ್ ಎಂದರೆ ಸೆರೇರರ ಪರಮದೇವರು. ಅಕೋಮ್ ಎಂದರೆ ಮೈಮೇಲೆ ಬರುವ ಕ್ರಿಯೆ. ಒರಿಷಾ ಎಂದರೆ ದೈವಗಳು. ಸಂಸ್ಥೆಯ ಹೆಸರು ಇವುಗಳಲ್ಲಿ ಒಂದೂ ಇಲ್ಲ, ಏಕೆಂದರೆ ಹೊರಗಿನವರಿಗೆ ಗುರುತು ಹೇಳುವ ಪ್ರಸಂಗ ಬರುವ ತನಕ ನಡೆಯುವ ಆಚರಣೆಗೆ ಹೆಸರಿನ ಅಗತ್ಯವೇ ಇರುವುದಿಲ್ಲ.

ಜನಗಳ ಹೆಸರುಗಳಲ್ಲೂ ಇದೇ ತೊಡಕು. ಮಾಂಡೆ ಸೀಮೆಯಲ್ಲಿ, ಅಂದರೆ ಮಾಲಿಯ ಸುತ್ತ ಮಾಂಡೆ ನುಡಿಗಳನ್ನಾಡುವ ಕಡೆ, ಬಂಬಾರಾ ಎಂಬ ಪದವನ್ನು ಮುಸ್ಲಿಮರು ಇಸ್ಲಾಂ ಒಪ್ಪದವರಿಗೆ ಬಳಸುತ್ತಿದ್ದರು. ಆ ಜನ ತಮ್ಮನ್ನು ಬಮಾನಾ ಎನ್ನುತ್ತಾರೆ. ಹೌಸಾ ನಾಡಿನಲ್ಲಿ ಇಸ್ಲಾಂ ಒಪ್ಪದವರಿಗಿರುವ ಮಗುಜಾವಾ ಎಂಬ ಹೆಸರು ಅರಬ್ಬಿಯ ಮಜೂಸ್‌ನಿಂದ ಬಂದದ್ದು, ಮೂಲದಲ್ಲಿ ಅದು ಪಾರಸಿ ಅಗ್ನಿಪೂಜಕರ ಹೆಸರು. ಯೊರುಬಾ ಎಂಬುದು ಮೊದಲು ಓಯೋ ರಾಜ್ಯದವರಿಗೆ ಹೌಸಾಗಳು ಬಳಸುತ್ತಿದ್ದ ಹೆಸರು. ಇಫೆ, ಇಜೆಬು, ಎಕಿಟಿ ಎಲ್ಲರನ್ನೂ ಸೇರಿಸಿ ಹೇಳುವ ರೂಢಿ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಆಟದ ಇನ್ನೊಂದು ಆರಂಭವಾದ 867ರ ನಕಾಶೆಯ ಮೇಲೆ ದಪ್ಪಕ್ಷರದಲ್ಲಿ ಯೊರುಬಾ ಎಂದು ಕಂಡಾಗ ಇದು ನೆನಪಿರಬೇಕು. ಪರಿಹಾರ ಕಷ್ಟವಿಲ್ಲ. ಸಂಸ್ಕೃತಿಗೆ ಇಫೆ ಎಂದು ಹೆಸರಿಟ್ಟು, ಆಟದಲ್ಲಿ ಸಂಸ್ಕೃತಿಯ ಅಂಗಗಳಾದ ಹೆರಿಟೇಜ್ (ಪರಂಪರೆ) ಮತ್ತು ಭಾಷೆಯ ಕಂಬಗಳನ್ನು ಮಾತ್ರ ಹಂಚಿಕೊಳ್ಳುವಂತೆ ಮಾಡಿದರೆ ಇಜೆಬು, ಎಕಿಟಿಗಳು ನೆಂಟರಾಗಿ ನಿಲ್ಲುತ್ತವೆ, ಒಂದೇ ಆಗುವುದಿಲ್ಲ.

ಆಟಕ್ಕೆ ಹೊಸ ಮತ ಸೇರಿಸುವಾಗ ಅತಿ ಹೆಚ್ಚು ಎಚ್ಚರ ಬೇಕಾದದ್ದು ಲೋಕಲೈಸೇಶನ್ ಪಟ್ಟಿಯಲ್ಲಿ, ಅಂದರೆ ಪರದೆಯ ಮೇಲೆ ಕಾಣುವ ಮಾತುಗಳ ಪಟ್ಟಿಯಲ್ಲಿ. ಪರಮದೇವರ ಹೆಸರು, ಪೂಜಾಸ್ಥಳದ ಹೆಸರು, ಸಾವಿನ ದೇವತೆ, ನರಕ ಎಂದು ಹತ್ತಾರು ಖಾಲಿ ಜಾಗಗಳಿರುತ್ತವೆ. ಒಂದನ್ನು ಬಿಟ್ಟರೂ ಆಟದಲ್ಲಿ ಮಾತಿನ ಜಾಗದಲ್ಲಿ ಕೋಡಿನ ಕೀಲಿಪದ ಬೋಳಾಗಿ ಕಾಣುತ್ತದೆ. ಆ ಪಟ್ಟಿಯಲ್ಲಿ ಸೈತಾನನಿಗೂ ಒಂದು ಜಾಗವಿದೆ. ಒರಿಷಾ ಮತಕ್ಕೆ ಅಲ್ಲಿ ಎಶು ಎಂದು ಬರೆಯುವ ಆಸೆ ಬರುತ್ತದೆ, ಏಕೆಂದರೆ ಎಷ್ಟೋ ಯೊರುಬಾ ನಿಘಂಟುಗಳಲ್ಲಿ ಹಾಗೇ ಇದೆ. ಆ ಅರ್ಥ ಬೇರೂರಿದ್ದು 19ನೇ ಶತಮಾನದಲ್ಲಿ ಸ್ಯಾಮ್ಯುಯಲ್ ಅಜಾಯಿ ಕ್ರೌದರ್ ಬೈಬಲನ್ನು ಯೊರುಬಾಗೆ ತಂದು, ಸೈತಾನ ಬರುವಲ್ಲಿ ಎಶು ಎಂದು ಹಾಕಿದ ಮೇಲೆ. ಆದರೆ ಎಶು ದಾರಿಕೂಟದ ದೈವ, ಬಲಿಯನ್ನು ಮೇಲಕ್ಕೆ ಒಯ್ಯುವವನು, ಅವನಿಗೆ ಪಾಲು ಕೊಡದೆ ಯಾವ ಪೂಜೆಯೂ ಮುಟ್ಟುವುದಿಲ್ಲ. ಅವನನ್ನು ಸೈತಾನನ ಜಾಗದಲ್ಲಿ ಕೂರಿಸಿದರೆ, ಶಾಪ ಹಾಕುವ ಪ್ರತಿಯೊಂದು ಸಂಭಾಷಣೆಯಲ್ಲೂ ಯೊರುಬಾ ಅರಸ ತನ್ನದೇ ದೈವವನ್ನು ಬೈಯುತ್ತಾನೆ. ಆ ಜಾಗಕ್ಕೆ ಅಜೊಗುನ್ ಎಂದು ಬರೆಯಿರಿ. ಸಾವು, ರೋಗ, ನಷ್ಟ ತರುವ ಶಕ್ತಿಗಳ ಗುಂಪಿಗೆ ಯೊರುಬಾದಲ್ಲಿರುವ ಪದ ಅದು. ಏಕವಚನದ ಜಾಗದಲ್ಲಿ ಗುಂಪಿನ ಹೆಸರು ಬಂದರೆ ವ್ಯಾಕರಣ ಸ್ವಲ್ಪ ಕುಂಟುತ್ತದೆ, ಕುಂಟಲಿ.

ಪರಮದೇವರ ಜಾಗಕ್ಕೆ ಒಲೊಡುಮಾರೆ ಸರಿ. ಆದರೆ ಅವನಿಗೆ ಗುಡಿಯಿಲ್ಲ, ಅವನದೇ ಆದ ಪೂಜಾರಿಯಿಲ್ಲ. ನಿತ್ಯದ ವ್ಯವಹಾರವೆಲ್ಲ ಒಗುನ್, ಶಾಂಗೊ, ಒಬಾತಾಲಾ ಇಂಥವರ ಜೊತೆ. ಶಾಂಗೊ ಒಂದು ಕಾಲಕ್ಕೆ ಓಯೋದ ಅರಸನಾಗಿದ್ದವನೆಂದೇ ಪ್ರತೀತಿ. ಇಂಗ್ಲಿಷಿನ 'ಗಾಡ್' ಎಂಬ ಒಂದೇ ಪದ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ದೇವರು ಬೇರೆ, ದೈವ ಬೇರೆ ಎಂದು ಕರಾವಳಿಯಲ್ಲಿ ಮಾತಾಡುವ ನಮಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಒರಿಷಾವನ್ನು ಭೂತಾರಾಧನೆಯ ಪಡಿಯಚ್ಚು ಎಂದುಕೊಳ್ಳುವುದೂ ತಪ್ಪೇ. ಪದದ ಅನುಕೂಲ ನಮಗಿದೆ, ಅಷ್ಟೇ.

ಆಟದಲ್ಲಿ ಪ್ರತಿ ಮತಕ್ಕೂ ಮೂರು ಟೆನೆಟ್, ಅಂದರೆ ಮೂರು ಮುಖ್ಯ ನಂಬಿಕೆಗಳು. ಯೊರುಬಾದ ಇಫಾ ಎಂಬ ಕಣಿಶಾಸ್ತ್ರಕ್ಕೆ ಹತ್ತಿರದ್ದೆಂದು ಕೆಲವರು ಜ್ಯೋತಿಷದ ಟೆನೆಟ್ ಹಾಕಿಬಿಡುತ್ತಾರೆ. ಇಫಾದಲ್ಲಿ ನಕ್ಷತ್ರಗಳ ಮಾತೇ ಇಲ್ಲ. ಕಣಿ ಹೇಳುವ ಬಬಲಾವೊ ಹದಿನಾರು ತಾಳೆಬೀಜಗಳನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒಮ್ಮೆಗೇ ಬಾಚಿಕೊಳ್ಳಲು ನೋಡುತ್ತಾನೆ. ಎರಡು ಬೀಜ ಉಳಿದರೆ ಹಲಗೆಯ ಮೇಲಿನ ಪುಡಿಯಲ್ಲಿ ಒಂದು ಗೀರು, ಒಂದು ಉಳಿದರೆ ಎರಡು ಗೀರು. ಒಂದೂ ಉಳಿಯದಿದ್ದರೆ, ಅಥವಾ ಎರಡಕ್ಕಿಂತ ಹೆಚ್ಚು ಉಳಿದರೆ, ಆ ಸಲದ್ದು ಲೆಕ್ಕಕ್ಕಿಲ್ಲ. ಹೀಗೆ ಎಂಟು ಸಲ, ನಾಲ್ಕು ಬಲಗಡೆ, ನಾಲ್ಕು ಎಡಗಡೆ. ಒಂದೊಂದು ಕಡೆಗೂ ಹದಿನಾರು ರೂಪ ಸಾಧ್ಯ, ಎರಡೂ ಸೇರಿ 256 ಒಡು, ಅಂದರೆ ಗೀರುಗಳ ಜೋಡಣೆಗಳು. ಎರಡೂ ಕಡೆ ಒಂದೇ ರೂಪ ಬಂದರೆ ಅದು ಮೇಜಿ, ಅಂದರೆ ಜೋಡಿ. ಒಗ್ಬೆ, ಒಯೆಕು, ಇವೊರಿ, ಒಡಿ ಎಂದು ಶುರುವಾಗುವ ಹದಿನಾರು ಮೇಜಿಗಳೇ ಪ್ರಧಾನ ಒಡುಗಳು. ಪ್ರತಿ ಒಡುವಿಗೂ ಬಾಯಿಪಾಠದ ಪದ್ಯಗಳಿವೆ. ಕೇಳಲು ಬಂದವನು ಅವುಗಳಲ್ಲಿ ತನಗೆ ತಾಗುವ ಪದ್ಯವನ್ನು ತಾನೇ ಗುರುತಿಸುತ್ತಾನೆ, ಆಮೇಲೆ ಪದ್ಯ ಹೇಳಿದ ಎಬೊ, ಅಂದರೆ ಬಲಿ ಕೊಡಬೇಕು.

ಇದನ್ನು ಇವೆಂಟ್ ಆಗಿ, ಅಂದರೆ ಆಟದ ನಡುವೆ ಎದುರಾಗುವ ಪ್ರಸಂಗವಾಗಿ, ಬರೆಯುವಾಗ 256 ಕವಲು ಬರೆಯಲು ಹೋಗಬೇಡಿ. ಹದಿನಾರು ಕವಲಿನ ರ‍್ಯಾಂಡಮ್ ಲಿಸ್ಟನ್ನು ಎಲ್ಲಕ್ಕೂ ಸಮತೂಕ ಕೊಟ್ಟು ಎರಡು ಸಲ ಓಡಿಸಿ, ಬಲದ ಫಲವನ್ನೂ ಎಡದ ಫಲವನ್ನೂ ಎರಡು ವೇರಿಯಬಲ್‌ಗಳಲ್ಲಿ ಇಟ್ಟುಕೊಳ್ಳಿ. ಎರಡೂ ಒಂದೇ ಆದರೆ ಮೇಜಿಯ ವಿಶೇಷ ಪಠ್ಯ, ಇಲ್ಲದಿದ್ದರೆ ಬಲ, ಎಡದ ಹೆಸರು ಜೋಡಿಸಿದ ಸಾಮಾನ್ಯ ಪಠ್ಯ. ಮೇಜಿ ಬರುವ ಸಂಭವ ಹದಿನಾರರಲ್ಲಿ ಒಂದು. ಒಂದು ಬೀಜ, ಎರಡು ಬೀಜ ಉಳಿಯುವ ಸಂಭವ ಸಮವೆಂದುಕೊಂಡರೆ ತಾಳೆಬೀಜದ ಲೆಕ್ಕದಲ್ಲೂ ಅಷ್ಟೇ ಇದೆ, ಆದ್ದರಿಂದ ಬೇರೆ ತೂಕ ಬೇಕಾಗಿಲ್ಲ. ಆದರೆ ಇಲ್ಲಿ ಹೆಚ್ಚಿನವರು ಎಡವುವುದು ಗಣಿತದಲ್ಲಲ್ಲ, ಫಲದಲ್ಲಿ. ಒಳ್ಳೆಯ ಒಡು ಬಂದರೆ ಅದೃಷ್ಟ, ಕೆಟ್ಟದ್ದು ಬಂದರೆ ದುರದೃಷ್ಟ ಎಂದು ಬರೆದರೆ ಅದು ಲಾಟರಿ. ಇಫಾದಲ್ಲಿ ಒಡು ಹೇಳುವುದು ಸ್ಥಿತಿಯನ್ನು, ಮುಂದಾಗುವುದು ಬಲಿ ಕೊಟ್ಟೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಆಟಗಾರನ ಮುಂದೆ ಆಯ್ಕೆ ಬರಬೇಕು: ಈಗಲೇ ಖರ್ಚು ಮಾಡಿ ಎಬೊ ಕೊಡುವುದು, ಅಥವಾ ಕೊಡದೆ ಮೂರು ವರ್ಷ ಆ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಂಡಿರುವುದು. ಖರ್ಚನ್ನು ಆದಾಯದ ಪಾಲಾಗಿ ಲೆಕ್ಕ ಹಾಕಿ. ಸ್ಥಿರ ಮೊತ್ತ ಇಟ್ಟರೆ ಸಣ್ಣ ಒಡೆಯನಿಗೆ ಹೊರೆ, ದೊಡ್ಡ ಅರಸನಿಗೆ ಚಿಲ್ಲರೆ ಆಗುತ್ತದೆ.

ಮತ್ತೆ ಘಾನಾಕ್ಕೆ. ಅಲ್-ಬಕ್ರಿ ಬರೆಯುವಾಗ ಅಲ್ಲಿ ಆಳುತ್ತಿದ್ದ ಅರಸ ತುಂಕಾ ಮನೀನ್ ಪಟ್ಟಕ್ಕೆ ಬಂದದ್ದು 1063ರಲ್ಲಿ, ತನ್ನ ಸೋದರಮಾವ ಬಸಿಯ ನಂತರ. ಅಲ್ಲಿ ಪಟ್ಟ ಹೋಗುವುದು ಅರಸನ ಸಹೋದರಿಯ ಮಗನಿಗೆ ಎಂದು ಅಲ್-ಬಕ್ರಿ ಸ್ಪಷ್ಟವಾಗಿ ಬರೆಯುತ್ತಾನೆ. ಹೊಲಿದ ಬಟ್ಟೆ ತೊಡುವ ಹಕ್ಕು ಅರಸನ ಮತದವರಲ್ಲಿ ಅರಸನಿಗೂ ಈ ಅಳಿಯನಿಗೂ ಮಾತ್ರ, ಉಳಿದವರು ಹೊಲಿಯದ ಬಟ್ಟೆ ಸುತ್ತಿಕೊಳ್ಳಬೇಕು. ತುಳುನಾಡಿನ ಅಳಿಯಸಂತಾನ ಗೊತ್ತಿರುವವರಿಗೆ ಇದು ಒಂದೇ ಪದದಲ್ಲಿ ಅರ್ಥವಾಗುತ್ತದೆ. ಆಟಕ್ಕೆ ಮಾತ್ರ ಅರ್ಥವಾಗುವುದಿಲ್ಲ. ಅದರಲ್ಲಿ ಹೆಣ್ಣಿಗೆ ಪಟ್ಟ ಕೊಡಬಹುದು, ಗಂಡಿಗೆ ಕೊಡಬಹುದು, ಇಬ್ಬರಿಗೂ ಕೊಡಬಹುದು. ಹೆಣ್ಣಿನ ಮೂಲಕ ಗಂಡಿಗೆ ಕೊಡುವ ಕಾನೂನು ಸಿದ್ಧರೂಪದಲ್ಲಿ ಇಲ್ಲ.

ಆದ್ದರಿಂದ ಚುನಾವಣಾ ಉತ್ತರಾಧಿಕಾರದ ಹೊಸದೊಂದು ಬಗೆ ಬರೆಯಬೇಕು. ಅಭ್ಯರ್ಥಿಗಳ ಅಂಕಪಟ್ಟಿಯಲ್ಲಿ ಅರಸನ ಅಕ್ಕತಂಗಿಯರ ಗಂಡುಮಕ್ಕಳಿಗೆ ಭಾರೀ ಅಂಕ, ಸ್ವಂತ ಮಗನಿಗೆ ಭಾರೀ ಋಣ ಅಂಕ. ಇಷ್ಟಕ್ಕೇ ನಿಲ್ಲಿಸಿದರೆ ಮೊದಲ ಅರಸ ಸತ್ತ ಕೂಡಲೇ ಆಟ ಮುಗಿದುಹೋಗುತ್ತದೆ. ಸಾಮಾನ್ಯ ಮದುವೆಯಲ್ಲಿ ಮಗು ತಂದೆಯ ಮನೆತನಕ್ಕೆ ಸೇರುವುದರಿಂದ ಅಳಿಯ ಬೇರೆ ವಂಶದವನಾಗುತ್ತಾನೆ, ತನ್ನ ವಂಶದ ವಾರಸುದಾರನಿಲ್ಲದ ಆಟಗಾರ ಹೊರಬೀಳುತ್ತಾನೆ. ಅಂದರೆ ರಾಜಮನೆತನದ ಹೆಣ್ಣುಮಕ್ಕಳ ಮದುವೆಗಳೆಲ್ಲ ಮಾತೃವಂಶೀಯವಾಗಿ, ಅಂದರೆ ಮಕ್ಕಳು ತಾಯಿಯ ಮನೆತನಕ್ಕೆ ಸೇರುವಂತೆ, ನಡೆಯಬೇಕು. ಆರಂಭದಲ್ಲೇ ಮದುವೆಯಾದವರಿಗೆ ಕ್ಯಾರೆಕ್ಟರ್ ಫೈಲಿನಲ್ಲಿ ಮಾತೃವಂಶೀಯ ಸಂಗಾತಿಯ ಸಾಲನ್ನೇ ಬರೆಯಬೇಕು. ಮುಂದೆ ಆಟ ತಾನೇ ನಡೆಸುವ ಅರಸರು ಇಂಥ ಮದುವೆಗೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಆದ್ದರಿಂದ ರಾಜಕುವರಿ ಹದಿನಾರು ದಾಟಿದಾಗ ಆಸ್ಥಾನದಲ್ಲೇ ವರನನ್ನು ಹುಡುಕಿ ಮಾತೃವಂಶೀಯ ಮದುವೆ ಮಾಡಿಸುವ ಒಂದು ಗುಪ್ತ ಇವೆಂಟ್ ಬೇಕು. ಇದು ಸರಿಯಾಗಿದೆಯೇ ಎಂದು ನೋಡಲು ದೋಷ ಹುಡುಕುವ ಡೀಬಗ್ ಮೋಡಿನಲ್ಲಿ ಆಟವನ್ನು ನೂರು ವರ್ಷ ತಾನಾಗಿ ಓಡಲು ಬಿಟ್ಟು, ಘಾನಾದ ಅರಸರ ಸಾಲನ್ನು ತೆಗೆದು ನೋಡಿ. ಎರಡನೆಯ ತಲೆಮಾರಿಗೇ ಮಗ ಪಟ್ಟಕ್ಕೆ ಬಂದಿದ್ದರೆ ಅಳಿಯಂದಿರೇ ಹುಟ್ಟಿರುವುದಿಲ್ಲ. ಅಂಥ ಸಂದರ್ಭಕ್ಕೆ ಸಹೋದರಿಯ ಮಗಳ ಮಗನನ್ನೂ ಅಭ್ಯರ್ಥಿ ಪಟ್ಟಿಗೆ ಸೇರಿಸಬೇಕು. ಸೆರೇರ್ ಮತ್ತು ಅಕಾನ್ ಜನರಲ್ಲೂ ತಾಯಿಯ ಕಡೆಯ ವಂಶಕ್ಕೆ ಹಿರಿದಾದ ಸ್ಥಾನವಿದೆ, ಹಾಗಾಗಿ ಒಮ್ಮೆ ಬರೆದದ್ದು ಮೂರು ಕಡೆ ಉಪಯೋಗಕ್ಕೆ ಬರುತ್ತದೆ.

ಕಾಲದ ತಪ್ಪುಗಳು ಇನ್ನೊಂದು ರಾಶಿ. ಆಟದಲ್ಲಿ ಸಿಗುಯಿ ಎಂಬ ಹೆಸರಿನ ಮತವಿದೆ. ಸಿಗುಯಿ ಎಂಬುದು ಮಾಲಿಯ ದೋಗೊನ್ ಜನ ಅರವತ್ತು ವರ್ಷಕ್ಕೊಮ್ಮೆ ಮಾಡುವ ಹಬ್ಬ. ಕಳೆದ ಸಲ 1967ರಲ್ಲಿ ಶುರುವಾಗಿ ಊರಿಂದೂರಿಗೆ ಸಾಗಿ 1973ರ ತನಕ ನಡೆಯಿತು, ಮುಂದಿನದು 2027ಕ್ಕೆ. ದೋಗೊನ್‌ಗಳು ಬಾಂದಿಯಾಗರಾದ ಕಡಿಬಂಡೆಗಳಿಗೆ ಬಂದದ್ದು ಸುಮಾರು 14–15ನೇ ಶತಮಾನದಲ್ಲಿ ಎಂಬುದು ಸಾಮಾನ್ಯ ಅಭಿಪ್ರಾಯ. ಅದಕ್ಕೂ ಮೊದಲು ಅಲ್ಲಿನ ಗುಹೆಗಳಲ್ಲಿ ಸತ್ತವರನ್ನೂ ಧಾನ್ಯವನ್ನೂ ಇಡುತ್ತಿದ್ದವರು ತೆಲ್ಲೆಮ್ ಜನ. ಹೀಗಿರುವಾಗ ಒಂದು ಜನದ ಒಂದು ಹಬ್ಬದ ಹೆಸರನ್ನು ಇಡೀ ಮಾಂಡೆ ಸೀಮೆಗೆ 867ರಿಂದಲೇ ಹೊದಿಸುವುದು ನನಗೆ ಒಪ್ಪಿಗೆಯಿಲ್ಲ. ಸಿರಿಯಸ್ ನಕ್ಷತ್ರದ ಜೊತೆಗಾರ ತಾರೆಯ ರಹಸ್ಯ ದೋಗೊನ್‌ಗಳಿಗೆ ಗೊತ್ತಿತ್ತು ಎಂಬ ಮಾತನ್ನಂತೂ ಇವೆಂಟ್‌ಗಳಿಂದ ದೂರವಿಡಬೇಕು. ಫ್ರೆಂಚ್ ಮಾನವಶಾಸ್ತ್ರಜ್ಞ ಗ್ರಿಯೋಲ್ ಬರೆದ ಆ ಮಾತನ್ನು ಡಚ್ ಮಾನವಶಾಸ್ತ್ರಜ್ಞ ವಾಲ್ಟರ್ ವಾನ್ ಬೇಕ್ ಅದೇ ಜನರ ನಡುವೆ ಕೆಲಸ ಮಾಡಿ ಪರೀಕ್ಷಿಸಿದರು. ಅಂಥ ಜ್ಞಾನ ತಮಗೆ ಕಾಣಸಿಗಲಿಲ್ಲ ಎಂದು 1991ರಲ್ಲಿ ಪ್ರಕಟಿಸಿದರು.

ಮಾಂಡೆ ಸೀಮೆಗೆ ನಿಜವಾಗಿ ಬೇಕಾದದ್ದು ಕುಲಕಸುಬಿನ ಪದರ. ಹೊರೊನ್ ಎಂಬ ಸ್ವತಂತ್ರರು, ನ್ಯಾಮಕಲಾ ಎಂಬ ಕಸುಬಿನವರು, ಜೊನ್ ಎಂಬ ದಾಸರು. ನ್ಯಾಮಕಲಾಗಳಲ್ಲಿ ನುಮು ಕಮ್ಮಾರ, ಜೆಲಿ ಎಂದರೆ ವಂಶಾವಳಿ ಹಾಡುವವನು, ಗರಂಕೆ ಚರ್ಮದ ಕೆಲಸದವನು. ನುಮು ಮನೆಯ ಹೆಂಗಸರು ಮಡಕೆ ಮಾಡುತ್ತಾರೆ. ಸುನ್ನತಿ ಮಾಡುವವರೂ ಕೊಮೊ ಎಂಬ ಗುಪ್ತ ಸಂಘದ ಮುಖ್ಯಸ್ಥರೂ ನುಮುಗಳೇ. ಮಾಲಿ ಸಾಮ್ರಾಜ್ಯ ಕಟ್ಟಿದ ಸುಂಜಾತಾ ಎದುರಿಸಿದ ಸೊಸ್ಸೋ ರಾಜ್ಯದ ಅರಸ ಸುಮಂಗುರು ಕಾಂಟೆ ಕಮ್ಮಾರ ಕುಲದವನು ಎಂಬುದನ್ನು ಮರೆತರೆ 1235ರ ಸುಮಾರಿನ ಕಿರಿನಾ ಕಾಳಗದ ಕಥೆಯಲ್ಲಿ ಅರ್ಧ ಅರ್ಥ ಹೋಗುತ್ತದೆ. ಇವರಿಗೆ ಬೇರೆ ಸಂಸ್ಕೃತಿ, ಬೇರೆ ಕೌಂಟಿ ಕೊಡಬಾರದು. ಹುಟ್ಟಿನಿಂದ ಬರುವ ಟ್ರೇಟ್ (ಪಾತ್ರದ ಗುಣ) ಆಗಿ ಕೊಟ್ಟು, ಜೆಲಿಯನ್ನು ಆಸ್ಥಾನದ ಹುದ್ದೆಯಾಗಿ ಮಾಡಿ. ಜೆಲಿಯಿಲ್ಲದ ಅರಸನಿಗೆ ಕೀರ್ತಿ ಕಡಿಮೆ ಬರಲಿ. ವಂಗಾರಾ ವ್ಯಾಪಾರಿಗಳು, ದನ ಹೊಡೆದುಕೊಂಡು ಸಾಗುವ ಫುಲ್ಬೆಗಳು ಕೂಡ ಇಂಥವರೇ, ನಕಾಶೆಯಲ್ಲಿ ಬಣ್ಣ ಬಳಿಯಲು ಅವರದೆನ್ನುವ ತುಂಡಿಲ್ಲ, ಆದರೆ ಎಲ್ಲ ತುಂಡುಗಳಲ್ಲೂ ಇದ್ದಾರೆ. 2024ರಲ್ಲಿ ನೆಲವಿಲ್ಲದ ಪಾತ್ರಗಳನ್ನೂ ಆಡುವ ಅವಕಾಶ ಬಂದ ಮೇಲೆ ಇವರಿಗೆ ಜಾಗ ಮಾಡಿಕೊಡುವುದು ಸುಲಭವಾಗಿದೆ.

ಮತಾಂತರಕ್ಕೆ ಆಟ ಯಾವಾಗಲೂ ಬಹುಮಾನ ಕೊಡುತ್ತದೆ. ಪ್ರಜೆಗಳ ಮತ ಅರಸನ ಮತಕ್ಕೆ ತಿರುಗಿದಷ್ಟೂ ಬಂಡಾಯ ಕಡಿಮೆ. 14ನೇ ಶತಮಾನದ ಅರಬ್ ವಿದ್ವಾಂಸ ಅಲ್-ಉಮರಿ ಬರೆದಿಟ್ಟ ಮಾಲಿಯ ಅನುಭವ ಇದಕ್ಕೆ ನೇರ ವಿರುದ್ಧ. ಚಿನ್ನದ ಸೀಮೆಯ ಊರನ್ನು ಗೆದ್ದು ಅಲ್ಲಿ ಇಸ್ಲಾಂ ಹರಡಿದರೆ ಚಿನ್ನ ಕಡಿಮೆಯಾಗಿ ಕೊನೆಗೆ ನಿಂತೇಹೋಗುತ್ತದೆ ಎಂದು ಅರಸರು ಕಂಡುಕೊಂಡರಂತೆ. ಆಮೇಲೆ ಆ ಜನರನ್ನು ಅವರ ಪಾಡಿಗೆ ಬಿಟ್ಟು ಕಪ್ಪ ತೆಗೆದುಕೊಂಡು ಸುಮ್ಮನಾದರು. ಚಿನ್ನ ಸಿಗುತ್ತಿದ್ದ ಬಂಬುಕ್, ಬುರೆ ಸೀಮೆಯ ಕೌಂಟಿಗಳಿಗೆ ಇದನ್ನೇ ನಿಯಮ ಮಾಡಿ: ಕೌಂಟಿಯ ಮತ ಬದಲಾದರೆ ಇಪ್ಪತ್ತು ವರ್ಷ ತೆರಿಗೆಯಲ್ಲಿ ಶೇ 40ರಷ್ಟು ಕಡಿತ. ಶೇ 20 ಇಟ್ಟರೆ ಆಟಗಾರ ಅದನ್ನು ನುಂಗಿಕೊಂಡು ಮತಾಂತರ ಮಾಡಿಸಿಯೇ ಬಿಡುತ್ತಾನೆ. ಕಡಿತದ ಕಾರಣವನ್ನು ಮೌಸ್ ಇಟ್ಟಾಗ ಕಾಣುವ ಟೂಲ್‌ಟಿಪ್ಪಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಇದನ್ನು ಬಗ್ ಎಂದು ದೂರುವವರೇ ಹೆಚ್ಚು. ಟೂಲ್‌ಟಿಪ್ ಬರೆದೂ ಕಾಣದಿದ್ದರೆ ಫೈಲನ್ನು ಬಿಓಎಂ (ಫೈಲಿನ ಮೊದಲಲ್ಲಿರುವ ಕಾಣದ ಗುರುತು) ಸಹಿತ ಯುಟಿಎಫ್-8ರಲ್ಲಿ ಉಳಿಸಿದ್ದೀರಾ ನೋಡಿ. ಬಿಓಎಂ ಇಲ್ಲದ ಲೋಕಲೈಸೇಶನ್ ಫೈಲನ್ನು ಆಟ ಸರಿಯಾಗಿ ಓದುವುದಿಲ್ಲ, ಎರರ್ ಲಾಗ್ ತೆರೆದರೆ ಅಲ್ಲಿ ದೂರು ಬಿದ್ದಿರುತ್ತದೆ.

ಮುಸ್ಲಿಮನಾದ ಅರಸನ ಆಸ್ಥಾನದಲ್ಲೂ ಹಳೆಯ ಪದರ ಹೇಗಿರುತ್ತದೆ ಎಂಬುದಕ್ಕೆ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ 1352–53ರಲ್ಲಿ ಮಾಲಿಯಲ್ಲಿ ಕಂಡ ಒಂದು ನೋಟ ಸಾಕು. ಹಬ್ಬದ ದಿನ ಕವಿಗಳು ಗರಿಗಳಿಂದ ಮಾಡಿದ ಹಕ್ಕಿವೇಷದೊಳಗೆ ಹೊಕ್ಕು, ಮರದ ತಲೆ, ಕೆಂಪು ಕೊಕ್ಕು ಇಟ್ಟುಕೊಂಡು ಸುಲ್ತಾನನ ಮುಂದೆ ನಿಲ್ಲುತ್ತಾರೆ. ನೀನು ಕೂತ ಪೀಠದ ಮೇಲೆ ಹಿಂದೆ ಇಂಥಿಂಥ ಅರಸರು ಕೂತು ಇಂಥ ಒಳ್ಳೆಯ ಕೆಲಸ ಮಾಡಿದರು, ನೀನೂ ಮಾಡು ಎಂದು ಹೇಳುತ್ತಾರೆ. ಅವರ ಮುಖ್ಯಸ್ಥ ಪೀಠದ ಮೆಟ್ಟಿಲೇರಿ ಸುಲ್ತಾನನ ಮಡಿಲಲ್ಲಿ ತಲೆಯಿಡುತ್ತಾನೆ. ಇದು ಇಸ್ಲಾಮಿಗಿಂತ ಮೊದಲಿನ ಪದ್ಧತಿ, ಬಿಡದೆ ನಡೆಸಿಕೊಂಡು ಬಂದಿದ್ದೇವೆ ಎಂದು ಅಲ್ಲಿನವರು ಅವನಿಗೆ ಹೇಳಿದರು. ಬತೂತಾಗೆ ಇದು ಹಿಡಿಸಲಿಲ್ಲ.

ಈದ್ ಹಬ್ಬದ ಇವೆಂಟ್ ಬರೆಯುವಾಗ ಈ ದೃಶ್ಯವನ್ನೇ ಇಡಿ. ಹಕ್ಕಿವೇಷದವರನ್ನು ಒಳಗೆ ಕರೆದರೆ ಜೆಲಿಯ ನಿಷ್ಠೆ, ಸಾಮಂತರ ಒಲವು ಏರಲಿ. ಆಸ್ಥಾನಕ್ಕೆ ಬಂದಿರುವ ಪರದೇಶದ ವಿದ್ವಾಂಸನೊಬ್ಬನ ಅಭಿಪ್ರಾಯ ಇಳಿಯಲಿ. ತಡೆದರೆ ಧರ್ಮನಿಷ್ಠೆಯ ಅಂಕ ಸಿಗಲಿ, ಆದರೆ ಮುಂದಿನ ಪಟ್ಟಾಭಿಷೇಕದ ದಿನ ಹಿಂದಿನ ಅರಸರ ಹೆಸರು ಹೇಳಲು ಯಾರೂ ಮೆಟ್ಟಿಲ ಹತ್ತಿರ ಬರದಿರಲಿ.